ನಾಲ್ಕುನೂರ ಹನ್ನೆರಡು ಮನೆ

ಮೊರಬದ ಆರೋಗ್ಯ ಉಪಕೇಂದ್ರದಲ್ಲಿ ಹನ್ನೊಂದು ವರ್ಷ ನರ್ಸ್ ಆಗಿದ್ದ ಖೈರುನಬಿಯನ್ನು ಊರವರು ಹೆಸರು ಹಿಡಿದು ಕರೆದದ್ದು ಕಡಿಮೆ. ಗಂಡಸರು ‘ನರ್ಸಬಾಯಿ’ ಎನ್ನುತ್ತಿದ್ದರು, ಹೆಂಗಸರು ‘ಬಾಯಾರ’ ಎನ್ನುತ್ತಿದ್ದರು. ತವರು ನವಲಗುಂದ. ತಾಯಿ ಮತ್ತು ಅಜ್ಜಿ ಜಮಖಾನೆ ನೇಯುವವರು. ಆಕೆ ಮಾತ್ರ ಎಸ್‌.ಎಸ್‌.ಎಲ್‌.ಸಿ. ಮುಗಿಸಿ, ತರಬೇತಿ ಪಡೆದು, ಸರಕಾರಿ ನೌಕರಿ ಹಿಡಿದಿದ್ದಳು. ಗಂಡ ಬಾಬಾಸಾಬ ಬಸ್ ಸ್ಟ್ಯಾಂಡಿನ ಬಾಜು ಕೂತು ಅಂಗಿ ಹೊಲಿಯುತ್ತಿದ್ದ. ಎತ್ತರದ ಹೆಂಗಸು, ಬಿರುಸು ನಡಿಗೆ. ಮಾತು ಕಡಿಮೆ ಇದ್ದುದರಿಂದ ಸೊಕ್ಕಿನವಳೆಂದು ಕೆಲವರು ತಿಳಿದಿದ್ದರು.

೧೯೮೨ರ ಮಳೆಗಾಲದಲ್ಲಿ ಹೊರಗಿನ ಒಂದು ಸಂಶೋಧನಾ ಸಂಸ್ಥೆಯವರು ನವಲಗುಂದದಲ್ಲಿ ಮನೆಯೊಂದನ್ನು ಬಾಡಿಗೆಗೆ ಹಿಡಿದರು. ಸುತ್ತಲಿನ ಹದಿನೆಂಟು ಹಳ್ಳಿಗಳಲ್ಲಿ ಒಂದು ಮನೆಯನ್ನೂ ಬಿಡದೆ ಹೋಗಿ, ಹದಿನೈದು ವರ್ಷ ದಾಟಿದ ಪ್ರತಿಯೊಬ್ಬರ ಕೀಲುಗಳ ಬಗ್ಗೆ ವಿಚಾರಿಸುವುದು ಅವರ ಯೋಜನೆ. ಬಾವು ಇದ್ದವರನ್ನು ಡಾಕ್ಟರು ನೋಡಬೇಕು, ರಕ್ತ ಪರೀಕ್ಷೆ ಆಗಬೇಕು, ರೋಗ ಖಚಿತವಾದವರನ್ನು ಐದು ವರ್ಷ ಬಿಡದೆ ನೋಡಿಕೊಂಡು ಹೋಗಬೇಕು. ವಯಸ್ಸಾದವರ ಮೊಣಕಾಲು ನೋವು ಅವರಿಗೆ ಬೇಕಿರಲಿಲ್ಲ. ಅವರು ಹುಡುಕುತ್ತಿದ್ದದ್ದು ಮೂವತ್ತು ನಲವತ್ತರ ವಯಸ್ಸಿನಲ್ಲೇ, ಹೆಚ್ಚಾಗಿ ಹೆಂಗಸರಿಗೆ, ಎರಡೂ ಕೈಗಳ ಬೆರಳ ಗಿಣ್ಣುಗಳಲ್ಲಿ ಶುರುವಾಗುವ ಸಂಧಿವಾತವನ್ನು. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಯ ಮೇಲೆ ತಿರುಗಿ ಬೀಳುವುದರಿಂದ ಅದು ಬರುತ್ತದೆ. ಕೆಲವೇ ವರ್ಷಗಳಲ್ಲಿ ಬೆರಳುಗಳು ಸೊಟ್ಟಗಾಗುತ್ತವೆ. ಹಳ್ಳಿಗಳಲ್ಲಿ ಅದು ಎಷ್ಟು ಜನರಿಗೆ ಇದೆಯೆಂದು ಯಾರೂ ಎಣಿಸಿರಲಿಲ್ಲ.

ಕೆಲಸದ ಮುಖ್ಯಸ್ಥರು ಡಾಕ್ಟರ್ ಕುಬೇರಪ್ಪ. ಅಣ್ಣಿಗೇರಿಯವರು, ಮುಂಬಯಿಯಲ್ಲಿ ಓದಿ ಬಂದವರು. ಮೇಲ್ವಿಚಾರಣೆಗೆ ಸಂಸ್ಥೆಯವರು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿದ ಒಬ್ಬರನ್ನು ದೊಡ್ಡ ಶಹರದಿಂದ ಕಳಿಸಿದ್ದರು. ಎರೆಮಣ್ಣಿನಲ್ಲಿ ಜೀಪು ಮೂರು ಸಲ ಹೂತು, ಮೂರು ಸಲವೂ ಎತ್ತು ಕಟ್ಟಿ ಎಳೆಸಬೇಕಾಯಿತು. ನಾಲ್ಕನೆಯ ತಿಂಗಳಲ್ಲಿ ಆ ಮೇಲ್ವಿಚಾರಕರು ಊರಿಗೆ ಹೋದವರು ಹಿಂದಿರುಗಲಿಲ್ಲ. ಅಲ್ಲಿಯವರೆಗೆ ದಾರಿ ತೋರಿಸಲು, ಮನೆ ಪರಿಚಯಿಸಲು ಎಂದು ಆರೋಗ್ಯ ಇಲಾಖೆ ಎರವಲು ಕೊಟ್ಟಿದ್ದ ಖೈರುನಬಿಯ ಬಳಿಗೆ ಕುಬೇರಪ್ಪನವರು ಒಂದು ದಿನ ತಾವೇ ಬಂದರು.

“ಬಾಯಾರ, ಈ ಕೆಲಸ ನೀವ ನಡಸ್ರಿ. ಬ್ಯಾರೆ ಯಾರೂ ಇಲ್ಲ.”

“ನನಗ ಇಂಗ್ಲೀಷ್ ಫಾರ್ಮ್ ತುಂಬಾಕ ಬರೂದಿಲ್ರಿ ಸರ್.”

“ಫಾರ್ಮ್ ಕನ್ನಡದಾಗ ಮಾಡೂಣು.”

“ಹಂಗಾದ್ರ ಪ್ರಶ್ನೀನೂ ಬದಲಿ ಮಾಡಬೇಕಾಗ್ತದ್ರಿ,” ಎಂದಳು ಖೈರುನಬಿ.

ಫಾರ್ಮಿನ ಮುಖ್ಯ ಪ್ರಶ್ನೆ ಹೀಗಿತ್ತು: ಬೆಳಗ್ಗೆ ಎದ್ದ ಮೇಲೆ ಕೈಕಾಲಿನ ಬಿಗಿತ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇರುತ್ತದೆಯೇ? ಗಡಿಯಾರ ಇಲ್ಲದ ಮನೆಗಳಲ್ಲಿ ಅದನ್ನು ಕೇಳಿದರೆ ಎಲ್ಲರೂ ‘ಹೌದ್ರಿ’ ಎನ್ನುತ್ತಿದ್ದರು, ಇಲ್ಲವೇ ಎಲ್ಲರೂ ‘ಇಲ್ರಿ’ ಎನ್ನುತ್ತಿದ್ದರು. ಖೈರುನಬಿ ಒಂದು ವಾರ ಬೇರೆ ಬೇರೆ ಮನೆಗಳಲ್ಲಿ ಬೆಳಗಿನ ಹೊತ್ತು ಕೂತು ನೋಡಿದಳು. ಅಂಗಳ ಗುಡಿಸಿ, ಸಗಣಿ ಬಳಿದು, ನೀರು ತಂದು, ಒಲೆ ಹೊತ್ತಿಸುವ ಹೊತ್ತಿಗೆ ಸುಮಾರು ಒಂದು ತಾಸು ಕಳೆದಿರುತ್ತದೆ. ಪ್ರಶ್ನೆ ಬದಲಾಯಿತು: ‘ಒಲಿ ಹೊತ್ತಿಸೂ ಹೊತ್ತಿಗೆ ಮುಷ್ಟಿ ಬಿಗಿಯಾಕ ಬರತೈತೋ ಇಲ್ಲೋ?’ ಗಂಡಸರಿಗೆ ದನ ಬಿಡುವುದು, ಮೇವು ಹಾಕುವುದು, ಹಾಲು ಹಿಂಡುವುದು ಎಂದು ಬೇರೆ ಲೆಕ್ಕ. ಕುಬೇರಪ್ಪನವರು ಹೊಸ ಪ್ರಶ್ನೆಯನ್ನು ನೂರು ಜನರ ಮೇಲೆ ಪರೀಕ್ಷಿಸಿ ನೋಡಿ ಒಪ್ಪಿಕೊಂಡರು.

ಆಕೆಯ ಕೈಕೆಳಗೆ ಆರು ಜನ ಕೆಲಸಗಾರರಿದ್ದರು. ಯಾರು ಯಾವ ಓಣಿಗೆ ಹೋಗಬೇಕು, ರಕ್ತ ತೆಗೆಯುವ ದಿನ ಯಾವುದು, ಹುಬ್ಬಳ್ಳಿಯಿಂದ ಮೊದಲ ಬಸ್ಸಿಗೆ ಬರುವ ಐಸನ್ನು ಯಾರು ಇಳಿಸಿಕೊಳ್ಳಬೇಕು, ರಕ್ತದ ಸೀಸೆಗಳ ಪೆಟ್ಟಿಗೆ ಯಾವ ಬಸ್ಸಿಗೆ ವಾಪಸು ಹೋಗಬೇಕು, ಎಲ್ಲವನ್ನೂ ಆಕೆಯೇ ಗೊತ್ತುಮಾಡುತ್ತಿದ್ದಳು. ಅಮಾವಾಸ್ಯೆಯ ದಿನ ಯಾರೂ ರಕ್ತ ಕೊಡುವುದಿಲ್ಲ, ಸಂತೆಯ ದಿನ ಊರಲ್ಲಿ ಯಾರೂ ಸಿಗುವುದಿಲ್ಲ. ಮಳೆಗೆ ಎರೆಮಣ್ಣು ಹಸಿಯಾದರೆ ಮೂರು ದಿನ ಬಸ್ಸು ಬರುವುದಿಲ್ಲ. ಇದನ್ನೆಲ್ಲ ಹೊಂದಿಸಿ ತಿಂಗಳ ಕೆಲಸದ ಹಾಳೆ ಬರೆದು ಗೋಡೆಗೆ ಅಂಟಿಸುತ್ತಿದ್ದಳು. ಕೆಲಸ ಸಾಗಿತು. ೧೯೮೩ರ ಕೊನೆಗೆ ಹನ್ನೊಂದು ಹಳ್ಳಿಗಳು ಮುಗಿದಿದ್ದವು.

ಆರು ಜನರಲ್ಲಿ ಶಿದ್ಲಿಂಗಪ್ಪ ಎಲ್ಲರಿಗಿಂತ ಚುರುಕು. ನಲವತ್ತರ ಸಮೀಪದ, ಅಚ್ಚುಕಟ್ಟು ಅಕ್ಷರದ ಮನುಷ್ಯ. ಬೇರೆಯವರು ದಿನಕ್ಕೆ ಎಂಟು ಮನೆ ಮಾಡಿದರೆ ಆತ ಹದಿನೈದು ಮಾಡುತ್ತಿದ್ದ. ಅದಕ್ಕೇ ದೊಡ್ಡ ಊರಾದ ಶಲವಡಿಯ ಅರ್ಧ ಭಾಗವನ್ನು, ನಾಲ್ಕುನೂರ ಹನ್ನೆರಡು ಮನೆಗಳನ್ನು, ಖೈರುನಬಿ ಅವನಿಗೇ ವಹಿಸಿದ್ದಳು. ೧೯೮೪ರ ಫೆಬ್ರುವರಿ ಮುಗಿಯುವ ಹೊತ್ತಿಗೆ ಆತ ಎಲ್ಲ ಫಾರ್ಮುಗಳನ್ನು ಕಟ್ಟು ಕಟ್ಟಾಗಿ ತಂದೊಪ್ಪಿಸಿದ. ಏಪ್ರಿಲ್‌ನಲ್ಲಿ ದಿಲ್ಲಿಯಿಂದ, ಈ ಕೆಲಸಕ್ಕೆ ಹಣ ಕೊಡುತ್ತಿದ್ದ ಕಚೇರಿಯ ಅಧಿಕಾರಿಗಳು ಬರುವವರಿದ್ದರು. ಮೊದಲ ಹಂತದ ವರದಿಯನ್ನು ಅವರ ಮುಂದಿಡಬೇಕಿತ್ತು.

ಖೈರುನಬಿ ಫಾರ್ಮುಗಳನ್ನು ಓಣಿಯ ಪ್ರಕಾರ ಜೋಡಿಸಲು ಕೂತಳು. ಪ್ರತಿ ಫಾರ್ಮಿನ ಮೇಲ್ತುದಿಯಲ್ಲಿ ‘ಮನೆಗೆ ಬೀಗ’ ಎಂಬ ಒಂದು ಚೌಕ ಇತ್ತು. ಹೋದಾಗ ಬೀಗ ಹಾಕಿದ್ದರೆ ಆ ದಿನದ ತಾರೀಖು ಬರೆದು ಮತ್ತೆ ಹೋಗಬೇಕು. ಶಿದ್ಲಿಂಗಪ್ಪನ ನಾಲ್ಕುನೂರ ಹನ್ನೆರಡು ಫಾರ್ಮುಗಳಲ್ಲಿ ಆ ಚೌಕ ಎಲ್ಲೂ ತುಂಬಿರಲಿಲ್ಲ. ಫೆಬ್ರುವರಿ ಎಂದರೆ ಶಲವಡಿಯಲ್ಲಿ ಕಡಲೆ ಕಿತ್ತು ಮುಗಿದು ಜೋಳ ಕೊಯ್ಯುವ ಕಾಲ. ಹೊತ್ತು ಮೂಡುವ ಮುಂಚೆ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿಬಿಡುತ್ತಾರೆ. ಊರಿನ ಉಳಿದರ್ಧ ಮಾಡಿದ ನೀಲಕ್ಕನ ಫಾರ್ಮುಗಳಲ್ಲಿ ಮೂರರಲ್ಲಿ ಒಂದು ಮನೆಗೆ ಬೀಗ ಇತ್ತು.

ಮರುದಿನ ಆಕೆ ಯಾರಿಗೂ ಹೇಳದೆ, ಹತ್ತು ಫಾರ್ಮುಗಳನ್ನು ಚೀಲದಲ್ಲಿಟ್ಟುಕೊಂಡು ಶಲವಡಿಯ ಬಸ್ಸು ಹತ್ತಿದಳು. ಮೊದಲ ನಾಲ್ಕು ಮನೆಗಳಲ್ಲಿ ಮೂರಕ್ಕೆ ಬೀಗ. ನಾಲ್ಕನೆಯ ಮನೆಯ ಮುದುಕಿ, ಯಾರೂ ಬಂದೇ ಇಲ್ಲ ಎಂದಳು. ಐದನೆಯದು ಹೊಳೆಪ್ಪನ ಮನೆ. ಫಾರ್ಮಿನಲ್ಲಿ ಹೊಳೆಪ್ಪ, ಹೆಂಡತಿ ದುಂಡವ್ವ, ಇಬ್ಬರ ಹೆಸರಿನ ಮುಂದೆಯೂ ‘ಕೀಲುಗಳಿಗೆ ತೊಂದರೆ ಇಲ್ಲ’ ಎಂದು ಬರೆದಿತ್ತು.

ಹೊಳೆಪ್ಪ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದ. ಖೈರುನಬಿಯನ್ನು ನೋಡಿ ಎದ್ದು ನಿಂತು ಬಾಗಿಲಿಗೆ ಅಡ್ಡವಾದ. ಅವನಿಗೆ ಆಕೆ ಗೊತ್ತಿದ್ದಳು. ಆಕೆಗೂ ಅವನು ಗೊತ್ತಿದ್ದ. ೧೯೭೬ರಲ್ಲಿ, ಪ್ರತಿ ನರ್ಸಿಗೂ ಇಂತಿಷ್ಟು ಸಂತಾನಹರಣದ ಆಪರೇಶನ್ ಎಂದು ಸರಕಾರ ಗೊತ್ತುಮಾಡಿದ್ದ ವರ್ಷ, ಆಕೆ ಲಾರಿಯಲ್ಲಿ ಕ್ಯಾಂಪಿಗೆ ಕರೆದೊಯ್ದ ಗಂಡಸರಲ್ಲಿ ಅವನೊಬ್ಬ. ಆಪರೇಶನ್ ಆದ ಎರಡು ವರ್ಷಕ್ಕೆ ಅವನ ಒಬ್ಬನೇ ಮಗ ಹಾವು ಕಡಿದು ಸತ್ತ.

“ಮತ್ತ ಪುಸ್ತಕ ಹಿಡಕೊಂಡು ಬಂದಿಯೇನ?” ಎಂದ ಹೊಳೆಪ್ಪ.

“ಹೌದ್ರಿ ಕಾಕಾ.”

“ಆವಾಗೂ ಹಿಂಗ ಬಂದಿದ್ದಿ. ಬರೇ ಹೆಸರು ಬರಕೋತೀವಿ ಅಂದಿದ್ದಿ.”

“ಅಂದಿದ್ದೆ ಖರೆ.”

“ಏನಾತು ಗೊತ್ತೈತಿಲ್ಲೋ ನಿನಗ?”

“ಗೊತ್ತೈತ್ರಿ.”

ಆಕೆ ನೆಪ ಹೇಳಲಿಲ್ಲ. ಮೇಲಿನವರ ಹುಕುಂ ಇತ್ತು ಎಂದು ಹೇಳಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಹೊಳೆಪ್ಪ ಮತ್ತೆ ಕೂತು ಹಗ್ಗ ಕೈಗೆತ್ತಿಕೊಂಡ.

“ಹೋದ ತಿಂಗಳ ನಮ್ಮ ಕಡಿಯಾಂವ ಒಬ್ಬಾಂವ ಬಂದಿದ್ನೇನ್ರಿ, ಶಿದ್ಲಿಂಗಪ್ಪ ಅಂತ?” ಎಂದು ಕೇಳಿದಳು.

“ಯಾರೂ ಬಂದಿಲ್ಲ. ಬಂದಿದ್ರೂ ಒಳಗ ಬಿಡತಿರಲಿಲ್ಲ.”

ಅಷ್ಟರಲ್ಲಿ ಒಳಗಿನಿಂದ ಹೆಂಗಸಿನ ಧ್ವನಿ ಬಂತು. “ಯಾರ ಬಂದಾರ? ನರ್ಸಬಾಯಿ ಆದ್ರ ಒಳಗ ಕಳಿಸ್ರಿ. ನನಗ ಎದ್ದು ಬರಾಕ ಆಗೂದಿಲ್ಲ.”

ಹೊಳೆಪ್ಪ ತಲೆ ಎತ್ತದೆ ಹಗ್ಗ ಹೊಸೆಯುತ್ತಿದ್ದ. ಖೈರುನಬಿ ಚಪ್ಪಲಿ ಬಿಟ್ಟು ಒಳಗೆ ಹೋದಳು. ದುಂಡವ್ವ ಗೋಡೆಗೆ ಒರಗಿ ಕೂತಿದ್ದಳು. ನಲವತ್ತನಾಲ್ಕು ವಯಸ್ಸು. ಎರಡೂ ಕೈಗಳ ಗಿಣ್ಣುಗಳು ಊದಿ ಹೊಳೆಯುತ್ತಿದ್ದವು, ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿದ್ದವು. ಮುಷ್ಟಿ ಕಟ್ಟಲು ಹೇಳಿದರೆ ಬೆರಳುಗಳು ಅರ್ಧ ದಾರಿಯಲ್ಲೇ ನಿಂತವು. ಒಲೆಯ ಮುಂದೆ ಹದಿಮೂರು ವರ್ಷದ ಮಗಳು ಗೌರಕ್ಕ ರೊಟ್ಟಿ ಬಡಿಯುತ್ತಿದ್ದಳು. ತಾಯಿಯ ಕೈ ಬಿದ್ದ ಮೇಲೆ ಶಾಲೆ ಬಿಟ್ಟವಳು.

“ಎಷ್ಟು ದಿನ ಆತ್ರಿ ಹಿಂಗಾಗಿ?”

“ನಾಲ್ಕು ವರ್ಷ. ವಾಯು ಅಂತ ಎಣ್ಣಿ ಹಚ್ಚಿದ್ವಿ, ಕಾಸಿದ್ವಿ, ಬರಿ ಹಾಕಿಸಿದ್ವಿ.” ದುಂಡವ್ವ ಮಣಿಕಟ್ಟಿನ ಮೇಲಿನ ಸುಟ್ಟ ಗುರುತುಗಳನ್ನು ತೋರಿಸಿದಳು. “ಏನ ಜಡ್ಡು ಇದು ಬಾಯಾರ?”

ಡಾಕ್ಟರು ಹೇಳುವ ಮಾತುಗಳನ್ನು ಖೈರುನಬಿ ಹಲವು ಸಲ ಕೇಳಿದ್ದಳು. ಅವು ಇಲ್ಲಿ ಉಪಯೋಗಕ್ಕೆ ಬರುವಂತಿರಲಿಲ್ಲ. ಸ್ವಲ್ಪ ಯೋಚಿಸಿ ಹೇಳಿದಳು. “ಮನಿ ಕಾಯಾಕ ನಾಯಿ ಸಾಕಿರ್ತೀವಿ ನೋಡ್ರಿ, ಹಂಗ ಮೈ ಕಾಯಾಕೂ ಒಂದು ಇರ್ತೈತಿ. ಒಬ್ಬೊಬ್ಬರ ಮೈಯಾಗ ಅದಕ್ಕ ಮನ್ಯಾವರ ಗುರ್ತು ತಪ್ಪತೈತಿ. ಮನ್ಯಾವರನ್ನ ಕಡಿಯಾಕ ಹತ್ತತೈತಿ. ನಿಮ್ಮ ಕೀಲು ಕಡಿಯಾಕ ಹತ್ತೇತಿ.”

“ಆ ನಾಯೀನ ಹೊಡದು ಹಾಕಾಕ ಬರೂದಿಲ್ಲೇನು?”

“ಹೊಡದು ಹಾಕಿದ್ರ ಕಳ್ಳರು ಬರ್ತಾರ್ರಿ. ಬ್ಯಾರೆ ಜಡ್ಡು ಬಂದು ಹೊಕ್ಕೊಂತಾವ. ಅದನ್ನ ಸ್ವಲ್ಪ ಮೆತ್ತಗ ಮಾಡಬೇಕು, ಅಷ್ಟ.”

ಹೊರಗೆ ಹೊಳೆಪ್ಪ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಹಗ್ಗ ಹೊಸೆಯುವ ಸಪ್ಪಳ ನಿಂತಿತ್ತು.

ಉಳಿದ ಐದು ಮನೆಗಳನ್ನೂ ನೋಡಿ, ಬೀಗ ಹಾಕಿದ್ದ ಮನೆಯವರು ಹೊಲದಿಂದ ಬಂದ ಮೇಲೆ ಅವರನ್ನೂ ಕೇಳಿ, ಸಂಜೆಯ ಬಸ್ಸಿಗೆ ಖೈರುನಬಿ ನವಲಗುಂದಕ್ಕೆ ಬಂದಳು. ಹತ್ತರಲ್ಲಿ ಒಂದು ಮನೆಗೂ ಶಿದ್ಲಿಂಗಪ್ಪ ಹೋಗಿರಲಿಲ್ಲ. ಮತದಾರರ ಪಟ್ಟಿಯಿಂದ ಹೆಸರು ವಯಸ್ಸು ಎತ್ತಿಕೊಂಡು, ಎಲ್ಲೋ ಕೂತು ಬರೆದಿದ್ದ. ಮರುದಿನ ಆಕೆ ಅವನನ್ನು ಕರೆದು ಫಾರ್ಮುಗಳನ್ನು ಮುಂದಿಟ್ಟಳು. ಆತ ಅಲ್ಲಗಳೆಯಲಿಲ್ಲ.

“ಮೊದಲಿನ ಹಳ್ಳ್ಯಾಗ ಎಲ್ಲಾ ಖರೇನ ಮಾಡೀನ್ರಿ ಬಾಯಾರ. ಈ ಊರಾಗ ಒಬ್ಬರೂ ಬಾಗಲಾ ತೆಗಿಲಿಲ್ಲ. ಹೆಣ್ಮಕ್ಕಳು ನನಗ ಕೈ ತೋರಸಂಗಿಲ್ಲ, ಗಂಡಮಕ್ಕಳು ಹೊಲದಾಗಿಂದ ಬರಂಗಿಲ್ಲ. ನೂರು ಮಂದಿಯೊಳಗ ತೊಂಬತ್ತೊಂಬತ್ತು ಮಂದಿಗೆ ಈ ಜಡ್ಡು ಇರಂಗಿಲ್ಲ ಅಂತ ಡಾಕ್ಟರ ಹೇಳ್ಯಾರ. ಇಲ್ಲಾ ಅಂತ ಬರದ್ರ ಯಾರಿಗೇನ ಲುಕ್ಸಾನ?”

“ಬಾಗಲಾ ತೆಗಿಲಿಲ್ಲ ಅಂತ ನನಗ ಹೇಳಬೇಕಿತ್ತು.”

“ದಿನಾ ಹದಿನೈದು ಮನಿ ಮಾಡತೀನಂತ ನೀವ ಎಲ್ಲಾರ ಮುಂದ ನನ್ನ ಹೆಸರು ಹೇಳತಿದ್ರಿ. ಹೆಂಗ ಹೇಳಲಿ?”

ಪ್ರತಿ ಸೋಮವಾರದ ಸಭೆಯಲ್ಲಿ ಖೈರುನಬಿ ಹಾಗೆ ಹೇಳುತ್ತಿದ್ದುದು ನಿಜ. ಆಕೆ ಫಾರ್ಮುಗಳನ್ನು ಕಟ್ಟಿ ಡಾಕ್ಟರ ಕೋಣೆಗೆ ಒಯ್ದಳು.

ಕುಬೇರಪ್ಪನವರು ಎಲ್ಲವನ್ನೂ ಕೇಳಿ ಫಾರ್ಮುಗಳನ್ನು ತಿರುವಿ ನೋಡಿದರು. ವರದಿಗೆ ಆರು ವಾರ ಉಳಿದಿತ್ತು. ಕಡೆಗೆ, ನಾಲ್ಕುನೂರರಲ್ಲಿ ನಲವತ್ತು ಮನೆಗಳನ್ನು ಮತ್ತೆ ನೋಡಿ, ಅದರಲ್ಲಿ ಕಂಡ ತಪ್ಪಿನ ಪ್ರಮಾಣದ ಮೇಲೆ ಉಳಿದದ್ದನ್ನು ಸರಿಪಡಿಸಬಹುದು, ಇಂಥದಕ್ಕೆ ಲೆಕ್ಕದ ಪದ್ಧತಿ ಇದೆ ಎಂದರು.

“ಆ ನಲವತ್ತರೊಳಗ ದುಂಡವ್ವ ಬರದಿದ್ರ, ಸರ್?”

“ಒಬ್ಬಾಕಿ ಸಲುವಾಗಿ ಇಡೀ ಕೆಲಸ ನಿಂದ್ರಸಾಕ ಬರೂದಿಲ್ಲ ಬಾಯಾರ.”

“ಇನ್ನೂ ಎಷ್ಟು ಮಂದಿ ಅದಾರೋ ನಮಗ ಗೊತ್ತಿಲ್ಲಲ್ರಿ. ಬಂದು ನೋಡೀವಿ ಅಂತ ಬರದೀವಿ. ನೋಡಿಲ್ಲ. ಇದರ ಮ್ಯಾಲೆ ನಾ ಸಹಿ ಹಾಕೂದಿಲ್ರಿ.”

ಪ್ರತಿ ಹಳ್ಳಿಯ ಕಟ್ಟಿನ ಮೇಲೂ ಮೇಲ್ವಿಚಾರಕರ ಸಹಿ ಬೇಕಿತ್ತು. ಕುಬೇರಪ್ಪನವರಿಗೆ ಸಿಟ್ಟು ಬಂತು. ಇಲಾಖೆಗೆ ವಾಪಸು ಕಳಿಸುವ ಮಾತೂ ಬಂತು. ಖೈರುನಬಿ, ಕಳಿಸಿದರೆ ಹೋಗುತ್ತೇನೆ ಎಂದು ಹೇಳಿ ಮನೆಗೆ ಬಂದಳು. ಬಾಬಾಸಾಬನಿಗೆ ವಿಷಯ ಹೇಳಿದಳು. ಆತ, ಮೊರಬದ ಉಪಕೇಂದ್ರ ಎಲ್ಲಿಗೂ ಹೋಗಿಲ್ಲವಲ್ಲ ಎಂದು ಹೇಳಿ ಹೊಲಿಗೆ ಮುಂದುವರಿಸಿದ.

ಎರಡು ದಿನಗಳ ಮೇಲೆ ಕುಬೇರಪ್ಪನವರು ಕರೆಕಳಿಸಿದರು. ಅವರು ತಾವೇ ಜೀಪು ತೆಗೆದುಕೊಂಡು ಶಲವಡಿಗೆ ಹೋಗಿ ದುಂಡವ್ವನ ಕೈ ನೋಡಿ ಬಂದಿದ್ದರು. ದಿಲ್ಲಿಗೆ ಪತ್ರ ಬರೆದಾಗಿತ್ತು. ಶಲವಡಿಯ ಅರ್ಧ ಭಾಗದ ಸಮೀಕ್ಷೆ ಮತ್ತೆ ಆಗಬೇಕು, ವರದಿ ಐದು ತಿಂಗಳು ತಡ. ಶಿದ್ಲಿಂಗಪ್ಪ ಮಾಡಿದ್ದ ಹಿಂದಿನ ಹಳ್ಳಿಗಳ ಮನೆಗಳನ್ನೂ ಆರಿಸಿ ಪರೀಕ್ಷಿಸಿದರು. ಅವು ಆತ ಹೇಳಿದಂತೆ ಸರಿಯಾಗಿದ್ದವು. ಆದರೂ ಅವನನ್ನು ಕೆಲಸದಿಂದ ತೆಗೆದರು. ಅವನ ಹೆಂಡತಿ ಎರಡು ಸಲ ಖೈರುನಬಿಯ ಮನೆಗೆ ಬಂದು ಕೂತು ಹೋದಳು. ಖೈರುನಬಿ ಚಹಾ ಕೊಟ್ಟಳು, ತನ್ನ ಕೈಯಲ್ಲಿ ಏನೂ ಇಲ್ಲವೆಂದಳು. ಅದು ಪೂರ್ತಿ ನಿಜವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಶಿದ್ಲಿಂಗಪ್ಪ ಆಮೇಲೆ ಅಣ್ಣಿಗೇರಿಯಲ್ಲಿ ಒಂದು ಅಂಗಡಿಯಲ್ಲಿ ಗುಮಾಸ್ತನಾದ. ಎದುರು ಸಿಕ್ಕರೆ ಆತ ದಾರಿ ಬದಲಿಸುತ್ತಿದ್ದ. ಸೋಮವಾರದ ಸಭೆಯಲ್ಲಿ ಯಾರು ಎಷ್ಟು ಮನೆ ಮಾಡಿದರೆಂದು ಓದುವುದನ್ನು ಖೈರುನಬಿ ಬಿಟ್ಟಳು. ಎಷ್ಟು ಬಾಗಿಲು ತೆರೆಯಲಿಲ್ಲ ಎಂದು ಮೊದಲು ಕೇಳತೊಡಗಿದಳು.

ನಾಲ್ಕುನೂರ ಹನ್ನೆರಡು ಮನೆಗಳನ್ನು ಆಕೆ ಮತ್ತು ನೀಲಕ್ಕ ಮತ್ತೆ ಮಾಡಿದರು. ಮನೆಯಲ್ಲಿ ಸಿಗದವರನ್ನು ಹುಡುಕಿಕೊಂಡು ಹೊಲಕ್ಕೆ ಹೋದರು. ಕಟ್ಟಿ ಒಟ್ಟಿದ ಜೋಳದ ಸಿವುಡುಗಳ ನೆರಳಲ್ಲಿ ಕೂರಿಸಿ ಮುಷ್ಟಿ ಕಟ್ಟಿಸಿದರು, ಪಾದದ ಬೆರಳು ಒತ್ತಿ ನೋಡಿದರು. ಆಪರೇಶನ್ನಿನ ಮಾತು ಹಲವು ಮನೆಗಳಲ್ಲಿ ಬಂತು. ಖೈರುನಬಿ ಪ್ರತಿ ಸಲವೂ ಹೌದು, ಕರೆದೊಯ್ದಿದ್ದೆ ಎಂದಳು. ಕೆಲವರು ಬೈದು ಕಳಿಸಿದರು. ಇಪ್ಪತ್ತಮೂರು ಮನೆಗಳು ಕಡೆಯವರೆಗೂ ಒಪ್ಪಲಿಲ್ಲ. ಅವುಗಳ ಫಾರ್ಮಿನ ಮೇಲೆ ‘ಒಪ್ಪಲಿಲ್ಲ’ ಎಂದೇ ಬರೆದಳು. ಉಳಿದವುಗಳಲ್ಲಿ ಎಂಟು ಜನರಿಗೆ ರೋಗ ಖಚಿತವಾಯಿತು. ಶಿದ್ಲಿಂಗಪ್ಪನ ಕಾಗದದಲ್ಲಿ ಅವರೆಲ್ಲ ಆರೋಗ್ಯವಂತರಾಗಿದ್ದರು.

ದುಂಡವ್ವನ ರಕ್ತ ತೆಗೆಯುವ ದಿನ ಹೊಳೆಪ್ಪ ಬಾಜು ನಿಂತು ಸೂಜಿಯಿಂದ ಸೀಸೆಯವರೆಗೆ ನೋಡಿದ. ಡಾಕ್ಟರು ಬರೆದುಕೊಟ್ಟ ಗುಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, “ಇದು ಮಲೇರಿಯಾ ಗುಳಿಗಿ ಐತಿ. ಚಳಿಜ್ವರಕ್ಕ ನಮಗ ಕೊಟ್ಟಿದ್ರು. ಈಕಿಗೆಲ್ಲಿ ಜ್ವರ ಅದಾವ?” ಎಂದ.

“ಅದ ಗುಳಿಗಿನ ಇದಕ್ಕೂ ನಡೀತದ್ರಿ ಕಾಕಾ. ಆದ್ರ ಮೂರು ನಾಲ್ಕು ತಿಂಗಳು ಏನೂ ಫರಕ್ ಕಾಣೂದಿಲ್ಲ. ಬಿಡಬಾರದು. ಆರು ತಿಂಗಳಿಗೊಮ್ಮೆ ಕಣ್ಣು ತೋರಸಾಕ ಹುಬ್ಬಳ್ಳಿಗೆ ಬರಬೇಕಾಗ್ತದ.”

“ಯಾಕ, ಕಣ್ಣು ಹೋಗ್ತಾವೇನು?”

“ಸಾವಿರದಾಗ ಒಬ್ಬಿಬ್ಬರಿಗೆ ತ್ರಾಸ ಆಗತದ್ರಿ. ಅದಕ್ಕ ನೋಡಬೇಕು ಅನ್ನೂದು.”

ಹೊಳೆಪ್ಪ ಆಕೆಯ ಮುಖವನ್ನು ನೋಡಿದ. “ಇದನ್ನ ಈ ಸಲ ಮೊದಲ ಹೇಳಿದಿ,” ಎಂದು ಗುಳಿಗೆಯ ಪೊಟ್ಟಣವನ್ನು ಹೆಂಡತಿಯ ತಲೆದಿಂಬಿನ ಬಳಿ ಇಟ್ಟ.

ನಾಲ್ಕು ತಿಂಗಳು ನಿಜವಾಗಿ ಏನೂ ಆಗಲಿಲ್ಲ. ಐದನೆಯ ತಿಂಗಳಲ್ಲಿ ಬಾವು ಇಳಿಯತೊಡಗಿತು. ಸೊಟ್ಟಗಾದ ಬೆರಳುಗಳು ನೆಟ್ಟಗಾಗಲಿಲ್ಲ, ಆಗುವುದೂ ಇಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರು. ದುಂಡವ್ವ ಎದ್ದು ಅಂಗಳಕ್ಕೆ ಬಂದು ಕೂರುವಂತಾದಳು. ಬುಟ್ಟಿ ಹಿಡಿದು ಕಸ ಚೆಲ್ಲುವಂತಾದಳು. ರೊಟ್ಟಿ ಬಡಿಯಲು ಬರಲಿಲ್ಲ. ಗೌರಕ್ಕ ಮತ್ತೆ ಶಾಲೆಗೆ ಹೋಗಲಿಲ್ಲ. ಖೈರುನಬಿ ಅದನ್ನೊಮ್ಮೆ ಎತ್ತಿದಾಗ ಹೊಳೆಪ್ಪ, ಅದು ತನ್ನ ಮನೆಯ ವಿಷಯ ಎಂದ. ಆಕೆ ಮತ್ತೆ ಎತ್ತಲಿಲ್ಲ.

ವರದಿ ತಡವಾದದ್ದಕ್ಕೆ ದಿಲ್ಲಿಯವರು ಎರಡನೆಯ ಹಂತವನ್ನು ಕಡಿತ ಮಾಡಿದರು. ಹದಿನೆಂಟರ ಜಾಗದಲ್ಲಿ ಹನ್ನೆರಡು ಹಳ್ಳಿಗಳಷ್ಟೇ ಉಳಿದವು. ಆರು ಹಳ್ಳಿಗಳಿಗೆ ಯಾರೂ ಹೋಗಲಿಲ್ಲ, ಅಲ್ಲಿ ಎಷ್ಟು ದುಂಡವ್ವಂದಿರಿದ್ದರೆಂದು ಗೊತ್ತಾಗಲಿಲ್ಲ. ಕುಬೇರಪ್ಪನವರು ಅದನ್ನು ಒಂದೆರಡು ಸಲ ಆಡಿ ತೋರಿಸಿದರು. ಖೈರುನಬಿಯೂ ಅದನ್ನು ಮನಸ್ಸಿನಲ್ಲಿ ತೂಗಿ ನೋಡಿದ್ದುಂಟು. ತಾನು ಮಾಡಿದ್ದು ಸರಿ ಎಂದು ಆಕೆ ಯಾರ ಮುಂದೂ ಹೇಳಿಕೊಳ್ಳಲಿಲ್ಲ. ಆರು ಹಳ್ಳಿಗಳ ಹೆಸರುಗಳನ್ನು ಮಾತ್ರ ಬಹಳ ವರ್ಷಗಳ ಮೇಲೂ ತಪ್ಪಿಲ್ಲದೆ ಹೇಳುತ್ತಿದ್ದಳು.

ಐದು ವರ್ಷ ತುಂಬಿ, ೧೯೮೯ರಲ್ಲಿ ಕೆಲಸ ಮುಗಿಯಿತು. ಹನ್ನೆರಡು ಹಳ್ಳಿಗಳಲ್ಲಿ ವಿಚಾರಿಸಿದ ಹದಿನೇಳು ಸಾವಿರ ಚಿಲ್ಲರೆ ಜನರಲ್ಲಿ ತೊಂಬತ್ತನಾಲ್ಕು ಮಂದಿಗೆ ಈ ರೋಗ ಇತ್ತು, ಅವರಲ್ಲಿ ಎಪ್ಪತ್ತೊಂದು ಹೆಂಗಸರು. ಐದು ವರ್ಷಗಳಲ್ಲಿ ಹನ್ನೊಂದು ಜನ ತೀರಿಕೊಂಡಿದ್ದರು, ಇಬ್ಬರು ಊರು ಬಿಟ್ಟಿದ್ದರು. ಉಳಿದ ಎಂಬತ್ತೊಂದು ಜನರಲ್ಲಿ ಒಬ್ಬರೂ ಲೆಕ್ಕದಿಂದ ತಪ್ಪಿರಲಿಲ್ಲ. ಬೇರೆ ಕಡೆಗಳಲ್ಲಿ ಇಂಥ ಕೆಲಸಗಳಲ್ಲಿ ಕಾಲು ಭಾಗ ಜನ ಕೈತಪ್ಪುತ್ತಾರೆಂದು ದಿಲ್ಲಿಯವರು ಅದನ್ನು ನಂಬಲಿಲ್ಲ. ಒಬ್ಬ ಅಧಿಕಾರಿ ಬಂದು, ತಾನೇ ಆರಿಸಿದ ಇಪ್ಪತ್ತು ಹೆಸರುಗಳನ್ನು ಹಿಡಿದು ಮೂರು ದಿನ ತಿರುಗಾಡಿದ. ಇಪ್ಪತ್ತೂ ಜನ ಸಿಕ್ಕರು. ಶಲವಡಿಯಲ್ಲಿ ಅವನಿಗೆ ಮನೆ ತೋರಿಸಿದವನು ಹೊಳೆಪ್ಪ.

ಇಂಗ್ಲೀಷ್ ಪತ್ರಿಕೆಯಲ್ಲಿ ಲೇಖನ ಬಂದಾಗ ಐದು ಜನ ಡಾಕ್ಟರರ ಹೆಸರಿತ್ತು. ಕೊನೆಯಲ್ಲಿ ಕ್ಷೇತ್ರ ಸಿಬ್ಬಂದಿಗೆ ಒಂದು ಸಾಲಿನ ಕೃತಜ್ಞತೆ ಇತ್ತು. ಕುಬೇರಪ್ಪನವರು ಒಂದು ಪ್ರತಿ ತಂದುಕೊಟ್ಟು, ಆ ಸಾಲನ್ನು ಕನ್ನಡದಲ್ಲಿ ಹೇಳಿದರು.

“ಒಪ್ಪದ ಮನಿ ಎಷ್ಟು ಅಂತ ಬರದಾರೇನ್ರಿ?” ಎಂದು ಖೈರುನಬಿ ಕೇಳಿದಳು.

“ಬರದೇವಿ.” ಅವರು ಪುಟ ತಿರುವಿ ಅಂಕಿಯನ್ನು ತೋರಿಸಿದರು.

ಆಕೆ ಅದನ್ನು ನೋಡಿ, ಸರಿಯಾಗಿದೆ ಎಂದಳು.

ಇಲಾಖೆ ಆಕೆಯನ್ನು ವಾಪಸು ಕರೆಸಿಕೊಂಡಿತು. ಆರು ತಿಂಗಳು ಮೊರಬದಲ್ಲೇ ಇದ್ದಳು. ೧೯೯೦ರ ಜೂನ್‌ನಲ್ಲಿ ಕುಂದಗೋಳ ತಾಲೂಕಿನ ಒಂದು ಹಳ್ಳಿಗೆ ವರ್ಗವಾಯಿತು. ಬಾಬಾಸಾಬ ಹೊಲಿಗೆ ಯಂತ್ರವನ್ನು ಗೋಣಿತಟ್ಟಿನಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿಸಿದ. ಹೊಸ ಊರಿನಲ್ಲಿ ಇಳಿದ ಮೂರನೆಯ ದಿನ ಖೈರುನಬಿ ಲಸಿಕೆ ಹಾಕಬೇಕಾದ ಕೂಸುಗಳ ಪಟ್ಟಿ ಮಾಡಲು ಊರಿನ ಮೂಡಲ ತುದಿಯ ಮೊದಲ ಮನೆಗೆ ಹೋದಳು. ಆ ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯವರನ್ನು, ಎಷ್ಟೊತ್ತಿಗೆ ಬರುತ್ತಾರೆಂದು ಕೇಳಿ ಬರೆದುಕೊಂಡು, ಮುಂದಿನ ಮನೆಗೆ ಹೋದಳು.